ಆಯಮ್ಮನ ವಯಸ್ಸಿನ ಲೆಕ್ಕ

ಸಿಂಧನೂರಿನ ಜನ ‘ಸಿಸ್ಟರ್ ಸಾಲಿ’ ಎಂದೇ ಕರೆಯುವ ಪ್ರಾಥಮಿಕ ಶಾಲೆಯಲ್ಲಿ ಪ್ರತಿ ತಿಂಗಳಿಗೂ ಒಂದು ಕಟ್ಟುಪಾಡಿತ್ತು. ಮೊದಲ ಶುಕ್ರವಾರ ಪಕ್ಕದ ಚರ್ಚಿನಲ್ಲಿ ಬಲಿಪೂಜೆ, ಎರಡನೇ ವಾರ ಟೆಸ್ಟು, ಮೂರನೇ ಶನಿವಾರ ಉಗುರು ಮತ್ತು ಹೇನಿನ ತಪಾಸಣೆ, ಕೊನೆಯ ಶನಿವಾರ ಹುಟ್ಟುಹಬ್ಬ. ಆ ತಿಂಗಳು ಹುಟ್ಟಿದ ಮಕ್ಕಳೆಲ್ಲ ಯೂನಿಫಾರ್ಮ್ ಬಿಟ್ಟು ಬಣ್ಣದ ಬಟ್ಟೆ ತೊಟ್ಟು ಸ್ಟೇಜ್ ಹತ್ತಬೇಕು, ಉಳಿದವರು ಕೆಳಗೆ ಕೂತು ಹಾಡಬೇಕು, ಕಡೆಗೆ ಒಂದು ಕೇಕು. ಒಂದೂವರೆ ಕಿಲೋ ಕೇಕನ್ನು ಇನ್ನೂರ ಹನ್ನೆರಡು ತುಂಡು ಮಾಡಿ, ಯಾವ ಮಗುವೂ ‘ನಂದು ಸಣ್ಣದು’ ಎಂದು ಅಳದ ಹಾಗೆ ಹಂಚುವ ವಿದ್ಯೆ ಇಡೀ ಶಾಲೆಯಲ್ಲಿ ಒಬ್ಬಳಿಗೇ ಗೊತ್ತಿತ್ತು. ಆಕೆ ಕರೀಮಾಬಿ, ಶಾಲೆಯ ಆಯಾ. ಮಕ್ಕಳ ಬಾಯಲ್ಲಿ ಆಯಮ್ಮ.

ಇಪ್ಪತ್ಮೂರು ವರ್ಷದಿಂದ ಕರೀಮಾಬಿ ಅಲ್ಲಿದ್ದಾಳೆ. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಚಡ್ಡಿ ಒದ್ದೆ ಮಾಡಿಕೊಂಡ ಎಲ್‌ಕೆಜಿ ಮಕ್ಕಳಿಗೆ ಬೇರೆ ಚಡ್ಡಿ ಹಾಕಿ ‘ಯಾರಿಗೂ ಹೇಳಂಗಿಲ್ಲ ನೋಡು’ ಎಂದು ಸಮಾಧಾನ ಮಾಡುವುದು, ಎಲ್ಲ ಆಕೆಯದೇ. ಮನೆಯಲ್ಲಿ ಏನು ಕಡಿಮೆಯಾಗಿದೆ? ಮಗ ಜಬೀವುಲ್ಲಾ ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಸೊಸೆ ಬಾಯಿ ತೆರೆದು ಒಂದು ಮಾತು ಅಂದವಳಲ್ಲ, ಟೀವಿ ಇದೆ, ಫ್ಯಾನಿನ ಕೆಳಗೆ ಮಂಚ ಇದೆ. ಆದರೂ ಭಾನುವಾರ ಬಂತೆಂದರೆ ಕರೀಮಾಬಿಗೆ ಮೈ ಸರಿಯಿರುವುದಿಲ್ಲ. ಸುಮ್ಮನೆ ಕೂತರೆ ಮೊಣಕಾಲು ತನ್ನ ಗೋಳು ಹೇಳಿಕೊಳ್ಳಲು ಶುರು ಮಾಡುತ್ತದೆ. ಇನ್ನೂರು ಮಕ್ಕಳ ಗದ್ದಲದಲ್ಲಾದರೆ ಅದರ ಗೋಳು ಕೇಳುವವರು ಯಾರು?

ಇಂಥ ಕರೀಮಾಬಿಯ ಎದೆ ಈ ವರ್ಷ ಶಾಲೆ ತೆರೆದ ವಾರವೇ ಧಸಕ್ಕೆಂದಿತು. ಅರವತ್ತು ತುಂಬಿದವರು ಮನೆಗೆ ಹೋಗಬೇಕೆಂದು ಶಾಲೆ ನಡೆಸುವ ಮಂಡಳಿ ಹೊಸ ನಿಯಮ ಮಾಡಿತ್ತು. ಜೂನ್ ಒಂದಕ್ಕೆ ವಾಚ್‌ಮನ್ ನನ್ನೇಸಾಬನಿಗೆ ಅರವತ್ತು ತುಂಬಿತೆಂದು ಶಾಲು ಹೊದಿಸಿ, ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿಯೇಬಿಟ್ಟರು. ಪಾಪ, ಆತನಿಗೆ ನಿಜಕ್ಕೂ ಐವತ್ತೇಳೇ. ಸಣ್ಣವನಿದ್ದಾಗ ಎತ್ತರದ ಹುಡುಗನೆಂದು ಮಾಸ್ತರು ಮೂರು ವರ್ಷ ಹೆಚ್ಚು ಬರೆದುಕೊಂಡಿದ್ದರಂತೆ. ಈಗ ನನ್ನೇಸಾಬ ದಿನಾ ಬೆಳಗ್ಗೆ ಎಂಟಕ್ಕೆ ಎದುರಿನ ಚಹಾದಂಗಡಿಗೆ ಬಂದು ನಿಂತು ಶಾಲೆಯ ಗೇಟನ್ನೇ ನೋಡುತ್ತಾನೆ. ಹೊಸ ವಾಚ್‌ಮನ್ ಗೇಟಿನ ಒಂದೇ ಬಾಗಿಲು ತೆರೆದರೆ ಅಲ್ಲಿಂದಲೇ ಲೊಚಗುಟ್ಟುತ್ತಾನೆ. ಆತನನ್ನು ಕಂಡಾಗೆಲ್ಲ ಕರೀಮಾಬಿ ಸೆರಗಿನಲ್ಲಿ ಮುಖ ಮರೆಸಿಕೊಂಡು ಒಳಗೆ ಹೋಗುತ್ತಿದ್ದಳು.

ಯಾಕೆಂದರೆ ಕರೀಮಾಬಿಗೆ ಅರವತ್ತೈದು. ರಜಿಸ್ಟರಿನಲ್ಲಿ ಮಾತ್ರ ಐವತ್ತೆಂಟು. ಇಪ್ಪತ್ಮೂರು ವರ್ಷದ ಹಿಂದೆ ಕೆಲಸ ಕೇಳಲು ಬಂದಾಗ, ಮೂವತ್ತೈದರ ಒಳಗಿನವರೇ ಬೇಕು ಎಂದಿದ್ದರು. ನಲವತ್ತೆರಡರ ಕರೀಮಾಬಿ ಕಣ್ಣು ಮಿಟುಕಿಸದೆ ‘ಮೂವತ್ತೈದು ಬರಕೋರಿ’ ಎಂದಿದ್ದಳು. ಕ್ಲಾರ್ಕ್ ಬೆರಳು ಮಡಚಿ ಎಣಿಸಿ 1-6-1966 ಎಂದು ಬರೆದುಕೊಂಡಿದ್ದ. ಆ ಏಳು ವರ್ಷದ ಗುಟ್ಟು ಆಕೆಗೆ ಮತ್ತು ಆ ಮೇಲಿನವನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ಮಂಗಳೂರು ಕಡೆಯಿಂದ ಹೊಸ ಹೆಡ್‌ಮಿಸ್ಟ್ರೆಸ್ ಬಂದರು, ಸಿಸ್ಟರ್ ಸೆವ್ರಿನಾ. ಒಳ್ಳೆಯ ಹೆಂಗಸು, ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಆದರೆ ಒಂದು ಸಂಗತಿ ತಲೆಗೆ ಹೊಕ್ಕರೆ ಬುಡ ಕಾಣುವವರೆಗೆ ಅಗೆಯುವ ಸ್ವಭಾವ. ಮಕ್ಕಳ ಜೊತೆ ಸಿಬ್ಬಂದಿಯ ಹುಟ್ಟುಹಬ್ಬವನ್ನೂ ಮಾಡೋಣವೆಂದು ಸಿಬ್ಬಂದಿ ರಜಿಸ್ಟರ್ ತೆಗೆದು ನೋಡಿದರೆ, ಹನ್ನೊಂದು ಜನರಲ್ಲಿ ಎಂಟು ಜನ ಜೂನ್ ಒಂದರಂದು ಹುಟ್ಟಿದವರು.

“ಇದೆಂತದು ಮಾರಾಯ್ತಿ?” ಎಂದು ಸಿಸ್ಟರ್ ನಾಲ್ಕನೇ ತರಗತಿಯ ಸುಕನ್ಯಾ ಟೀಚರನ್ನು ಕರೆದು ಕೇಳಿದರು. “ಎಂಟು ಜನ ಒಂದೇ ದಿನ ಹುಟ್ಟಿದ್ದೀರಾ? ಹೇಳಿಕೊಂಡು ಬಂದ ಹಾಗೆ ಉಂಟಲ್ಲ!”

ಸುಕನ್ಯಾ ಟೀಚರಿಗೆ ನಗು ತಡೆಯಲಾಗಲಿಲ್ಲ. “ನಮ್ಮ ಕಡಿ ಹಂಗರೀ ಸಿಸ್ಟರ್. ಸಾಲಿಗೆ ಹಚ್ಚಾಕ ಹೋದಾಗ ಮಾಸ್ತರು ಹುಟ್ಟಿದ ತಾರೀಖು ಕೇಳೋರು. ಯಾರಿಗ್ರಿ ನೆನಪಿರ್ತಿತ್ತು? ಕೈ ತಲಿ ಮ್ಯಾಲಿಂದ ಹಾಯ್ಸಿ ಆ ಕಡಿ ಕಿವಿ ಮುಟ್ಟಿದ್ರ ಸಾಕು, ಜೂನ್ ಒಂದು ಅಂತ ಬರಕೊಂಡು ಒಳಗ ಕರಕೋತಿದ್ರು. ನಾ ದೀಪಾವಳಿ ಪಾಡ್ಯದ ದಿನ ಹುಟ್ಟೀನಂತ್ರಿ. ರಜಿಸ್ಟರಿನಾಗ ನಂದೂ ಜೂನ್ ಒಂದ.”

ಜೂನ್ ಕೊನೆಯ ಶನಿವಾರ ಎಂಟು ಜನ ಸಿಬ್ಬಂದಿ ಸ್ಟೇಜ್ ಮೇಲೆ ಸಾಲಾಗಿ ನಿಂತರು. ಹಸಿರು ಸೀರೆಯುಟ್ಟ ಕರೀಮಾಬಿ ಐವತ್ತೆಂಟರ ಗತ್ತಿನಲ್ಲಿ ಎದೆ ಸೆಟೆಸಿ ನಿಂತಿದ್ದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಿಸ್ಟರ್ ಮೈಕ್ ಹಿಡಿದು, “ಮಕ್ಕಳೇ, ಇವರಲ್ಲಿ ಯಾರೂ ಈ ತಿಂಗಳಲ್ಲಿ ಹುಟ್ಟಿದವರಲ್ಲವಂತೆ,” ಎಂದರು. ಶಾಲೆಯಲ್ಲಿ ತಿಂಗಳಿಗೊಂದು ಕಲಿಕೆಯ ಕೆಲಸ ಕೊಡುವ ರೂಢಿ. “ಜುಲೈ ತಿಂಗಳ ಕೆಲಸ ನಾಲ್ಕನೇ ತರಗತಿಗೆ: ನಿಮಗೆ ಗೊತ್ತಿರುವ ಹಿರಿಯರೊಬ್ಬರ ಸರಿಯಾದ ಹುಟ್ಟಿದ ದಿನ ಹುಡುಕಿ ತನ್ನಿ. ರಜಿಸ್ಟರ್ ನೋಡುವ ಹಾಗಿಲ್ಲ. ಕೇಳಿ, ಲೆಕ್ಕ ಹಾಕಿ ತರಬೇಕು. ಹತ್ತು ಅಂಕ.”

ಅರವತ್ತು ಮೀರಿದ ಅಜ್ಜ ಅಜ್ಜಿಯರು ಊರಲ್ಲಿ ಎಷ್ಟಿಲ್ಲ, ನನ್ನ ತಂಟೆಗೆ ಯಾರು ಬರುತ್ತಾರೆ ಎಂದು ಕರೀಮಾಬಿ ಧೈರ್ಯ ತಂದುಕೊಂಡಳು. ಸೋಮವಾರ ಊಟದ ಬಿಡುವಿನಲ್ಲಿ ನೋಟುಬುಕ್ಕು ಹಿಡಿದ ಇಬ್ಬರು ಹುಡುಗಿಯರು ಬಂದು ಎದುರು ನಿಂತರು. ನಿಶಾತ್ ಮತ್ತು ದೀಪಿಕಾ.

ನಿಶಾತ್ ದಢೇಸುಗೂರಿನಿಂದ ಶಾಲೆಯ ವ್ಯಾನಿನಲ್ಲಿ ಬರುವ ಹುಡುಗಿ. ಎರಡು ವರ್ಷ ಆಕೆಗೆ ಕಳೆಯುವ ಲೆಕ್ಕ ಬರುತ್ತಿರಲಿಲ್ಲ. ಮೇಲಿನ ಅಂಕಿ ಸಣ್ಣದಿದ್ದು ಕೆಳಗಿನದು ದೊಡ್ಡದಿದ್ದರೆ ಅಲ್ಲೇ ಅಳುತ್ತ ಕೂರುತ್ತಿದ್ದಳು. ಕರೀಮಾಬಿಯೇ ಆಕೆಯನ್ನು ಜಗಲಿಯಲ್ಲಿ ಕೂರಿಸಿಕೊಂಡು, ಹುಣಸೆಬೀಜ ಹರಡಿ, ‘ಪಕ್ಕದ ಮನ್ಯಾಕಿ ಕಡಿಂದ ಹತ್ತು ಕಡ ಇಸ್ಕೋ ಬೇ’ ಎಂದು ದಿನಾ ಹೇಳಿ ಹೇಳಿ ಕಲಿಸಿದ್ದಳು. ಈಗ ನಿಶಾತ್ ಕಂಡದ್ದನ್ನೆಲ್ಲ ಕಳೆಯುತ್ತಾಳೆ. ಬಸ್ಸಿನ ನಂಬರಿನಿಂದ ಲಾರಿಯ ನಂಬರನ್ನೂ ಕಳೆಯದೆ ಬಿಡುವುದಿಲ್ಲ. ದೀಪಿಕಾಳ ಅಪ್ಪ ನೀರಾವರಿ ಇಲಾಖೆಯಲ್ಲಿದ್ದಾನೆ. ಆಕೆಯ ಅಕ್ಷರ ಮುತ್ತು ಪೋಣಿಸಿದ ಹಾಗೆ. ಲೆಕ್ಕ ಮಾತ್ರ ಯಾರಾದರೂ ಹೇಳಿದ್ದನ್ನು ಬರೆದುಕೊಳ್ಳುವಷ್ಟು.

“ಆಯಮ್ಮ, ನಾವು ನಿಮ್ಮನ್ನ ತಗೊಂಡೀವ್ರಿ,” ಎಂದಳು ದೀಪಿಕಾ.

“ನನ್ನ ಯಾಕ ತಗೊಂಡ್ರಿ ಬೇ? ನಿಮ್ಮ ಅಜ್ಜಿ ಇಲ್ಲೇನು?”

“ಅಜ್ಜಿ ಮಸ್ಕಿಗೆ ಹೋಗ್ಯಾಳ್ರಿ. ನೀವು ಎಲ್ಲೂ ಹೋಗಂಗಿಲ್ಲಲ್ರಿ,” ಎಂದು ನಿಶಾತ್ ಪೆನ್ಸಿಲ್ ನಾಲಿಗೆಗೆ ತಾಗಿಸಿ ಕೂತೇಬಿಟ್ಟಳು. “ನೀವು ಹುಟ್ಟಿದಾಗ ಏನೇನಾಗಿತ್ತು, ಹೇಳ್ರಿ.”

“ನಾ ಹುಟ್ಟಿದಾಗಿಂದು ನನಗೇನ್ ಗೊತ್ತು? ನಾ ಆಗಷ್ಟ ಬಂದಿದ್ದೆ.”

“ಮನ್ಯಾಗ ಕರೆಂಟ್ ಇತ್ತೇನ್ರಿ?”

“ಇತ್ತು, ಇತ್ತು. ಫ್ಯಾನ್ ಗರಗರ ತಿರಗತಿತ್ತು.”

“ಟೀವಿ?”

ಒಮ್ಮೆ ಇಳಿಯಲು ಶುರು ಮಾಡಿದ ವಯಸ್ಸನ್ನು ಎಲ್ಲಿ ನಿಲ್ಲಿಸಬೇಕೋ ಕರೀಮಾಬಿಗೆ ತಿಳಿಯಲಿಲ್ಲ. “ಟೀವಿನೂ ಇತ್ತು. ಬಣ್ಣದ್ದು,” ಎಂದುಬಿಟ್ಟಳು. ದೀಪಿಕಾ ಅದನ್ನು ದುಂಡಗೆ ಬರೆದುಕೊಂಡಳು.

ಮರುದಿನ ಇಬ್ಬರೂ ಮುಖ ಸಪ್ಪಗೆ ಮಾಡಿಕೊಂಡು ಬಂದರು. ಬಣ್ಣದ ಟೀವಿ ಈ ಕಡೆ ಯಾವಾಗ ಬಂತೆಂದು ದೀಪಿಕಾ ಅಪ್ಪನನ್ನು ಕೇಳಿದ್ದಳು, ನಿಶಾತ್ ಕಳೆದಿದ್ದಳು. ಕರೀಮಾಬಿಗೆ ಮೂವತ್ತೆಂಟು ಬಂದಿತ್ತು.

“ಜಬೀವುಲ್ಲಾ ಅಣ್ಣಗ ಎಷ್ಟ್ ವರ್ಷರೀ?” ನಿಶಾತ್ ಕೇಳಿದಳು.

“ನಲವತ್ತೆರಡು,” ಎಂದಳು ಕರೀಮಾಬಿ. ಮಗನ ವಯಸ್ಸಿನಲ್ಲಿ ಸುಳ್ಳು ಹೇಳಬೇಕೆಂದು ಆಕೆಗೆ ಹೊಳೆದೇ ಇರಲಿಲ್ಲ.

ನಿಶಾತ್ ಬೆರಳು ಮಡಚಿದಳು. “ಹಂಗಾರ ಅಣ್ಣ ನಿಮಗಿಂತ ನಾಕು ವರ್ಷ ದೊಡ್ಡೋನಾದ್ರಿ.”

ಇಬ್ಬರು ಹುಡುಗಿಯರೂ ಆಕೆಯನ್ನು ಕನಿಕರದಿಂದ ನೋಡಿದರು. ಕರೀಮಾಬಿ ತಡಬಡಾಯಿಸಿ, “ಟೀವಿ ನಮ್ಮನ್ಯಾಗಿರಲಿಲ್ಲ ಬೇ, ಪಕ್ಕದ ಮನ್ಯಾಗಿತ್ತು,” ಎಂದಳು. ಅದರಿಂದ ಏನು ಉಪಯೋಗವಾಯಿತೋ ದೇವರೇ ಬಲ್ಲ.

ಅಷ್ಟರಲ್ಲಿ ಅಮ್ಮ ಮರೆತುಬಂದ ಡಬ್ಬಿ ಕೊಡಲು ಜಬೀವುಲ್ಲಾ ಬಂದ. ಬಂದವನು ಡಬ್ಬಿ ಕೊಟ್ಟು ಹೋಗಬಾರದೇ? ಹುಡುಗಿಯರ ಕಷ್ಟ ಕೇಳಿ, “ಅಮ್ಮಗೇನ್ ಗೊತ್ತಿರತೈತಿ? ಮುದಗಲ್ಲಾಗ ನಮ್ಮ ಸರ್ದಾರಬಿ ಖಾಲಾ ಅದಾಳಲ್ಲ, ಅಮ್ಮನ ಒಡಹುಟ್ಟಿದಾಕಿ. ಆಕಿಗೆ ಎಲ್ಲಾ ನೆನಪೈತಿ,” ಎಂದು ನಂಬರ್ ಬರೆಸಿಕೊಟ್ಟ. ಹೆತ್ತ ಮಗನೇ ಹೀಗೆ ಮಾಡಿದರೆ ಯಾರಿಗೆ ಹೇಳಿಕೊಳ್ಳುವುದು? ಕರೀಮಾಬಿ ಆತನ ಬೆನ್ನನ್ನೇ ದುರುಗುಟ್ಟಿ ನೋಡಿದಳು. ಆತ ಬೈಕಿಗೆ ಕಿಕ್ ಹೊಡೆದು ಹೊರಟುಹೋದ.

ಸುಕನ್ಯಾ ಟೀಚರ್ ತಮ್ಮ ಮೊಬೈಲಿನಲ್ಲಿ ವಿಡಿಯೋ ಕಾಲ್ ಹಚ್ಚಿಕೊಟ್ಟರು. ಮೊದಲು ಒಂದು ಕಿವಿ ಕಂಡಿತು. ಬಹಳ ಹೊತ್ತು ಕಿವಿಯೇ ಕಂಡಿತು. “ಖಾಲಾ, ಮುಖ ತೋರಸ್ರಿ!” ಎಂದು ನಿಶಾತ್ ಕೂಗಿದ ಮೇಲೆ ಸರ್ದಾರಬಿಯ ಹಣೆ ಮತ್ತು ಒಂದು ಕಣ್ಣು ಕಂಡವು. ಕುಶಲೋಪರಿ ದಖ್ಖನಿ ಉರ್ದುವಿನಲ್ಲಿ ಶುರುವಾಗಿ, ಹುಡುಗಿಯರಿಗಾಗಿ ಕನ್ನಡಕ್ಕೆ ಬಂತು.

“ಕರೀಮಾನ ವಯಸ್ಸೇನು? ಬರಕೋರಿ,” ಎಂದಳು ಸರ್ದಾರಬಿ ಗಂಟಲು ಸರಿಪಡಿಸಿಕೊಂಡು. “ನನಗೀಗ ಐವತ್ತು. ಈಕಿ ನನಗಿಂತ ಐದು ವರ್ಷ ದೊಡ್ಡಾಕಿ.”

ಕರೀಮಾಬಿಗೆ ಮೈ ಉರಿದುಹೋಯಿತು. ತನ್ನ ಗುಟ್ಟು, ರಜಿಸ್ಟರು, ನನ್ನೇಸಾಬ ಎಲ್ಲ ಮರೆತು ಮೊಬೈಲಿಗೆ ಮುಖ ಕೊಟ್ಟಳು. “ಆಪಾ! ಹುಡುಗರ ಮುಂದ ಸುಳ್ಳು ಹೇಳಾಕ ನಾಚಿಕಿ ಬರಂಗಿಲ್ಲೇನು?”

“ಆಪಾ ಅಂದ್ರ ಅಕ್ಕ ಅಲ್ಲೇನ್ರಿ?” ಎಂದಳು ದೀಪಿಕಾ ಮೆಲ್ಲಗೆ.

ಅತ್ತ ಸರ್ದಾರಬಿಯ ಕಣ್ಣು ಸರಿದು ಮತ್ತೆ ಕಿವಿ ಕಂಡಿತು. “ಪ್ರೀತಿಲೆ ಕರೀತಾಳ,” ಎಂದಳು.

ಕರೀಮಾಬಿಗೆ ದಾರಿ ಕಂಡಿತು. “ಹೌದು, ಅಕ್ಕನ. ಎರಡು ವರ್ಷ ದೊಡ್ಡಾಕಿ. ಬರಕೋರಿ ಬೇ, ಆಪಾಗ ಐವತ್ತು, ನನಗ ನಲವತ್ತೆಂಟು! ಮುಗೀತು, ಫೋನ್ ಇಡ್ರಿ.”

“ಯಾರಿಗೆ ನಲವತ್ತೆಂಟು?” ಸರ್ದಾರಬಿ ಸಿಡಿದಳು. “ಮದಿವ್ಯಾದ ಮೊಮ್ಮಗಳದಾಳ ನಿನಗ! ತಡಿ, ತೋರಸ್ತೀನಿ.” ಮೊಬೈಲ್ ಎದ್ದು ನಡೆಯತೊಡಗಿತು. ಕೋಳಿ ಕಂಡಿತು, ಮಂಚದ ಕಾಲು ಕಂಡಿತು, ಒಣಹಾಕಿದ ಮೆಣಸಿನಕಾಯಿ ಕಂಡವು. ಕೊನೆಗೆ ಬಾಗಿಲ ಮೇಲಿನ ಕಲ್ಲು ಕಂಡಿತು. ಸುಣ್ಣ ಬಳಿದು ಬಳಿದು ದಪ್ಪಗಾಗಿದ್ದರೂ ಕೆತ್ತಿದ ಅಂಕಿ ನಿಚ್ಚಳವಾಗಿತ್ತು. 1959.

“ಈ ಬಾಗಲಾ ಕಟ್ಟಿಸಿದ ವರ್ಷ ಈಕಿ ಹುಟ್ಯಾಳ,” ಎಂದು ಕಾಣದ ಸರ್ದಾರಬಿಯ ದನಿ ಬಂತು. “ಮೊಹರಮ್ ಒಂಬತ್ತನೇ ದಿನ. ಊರಿಗೂರ ಆಲಂ ಮೆರವಣಿಗಿ ನೋಡಾಕ ಹೋಗಿತ್ತು, ಸೂಲಗಿತ್ತಿನೂ ಹೋಗಿದ್ಲು. ನಮ್ಮ ಅಬ್ಬಾ ಆ ಜನದಾಗ ಹೊಕ್ಕು ಆಕಿನ್ನ ಎಳಕೊಂಡು ಬಂದ. ನಲವತ್ತು ದಿನದ ಈ ಕೂಸನ್ನ ಎತ್ತಿಕೊಂಡು ಅಮ್ಮಾ ಹೊಸ ಬಾಗಲಾ ದಾಟಿದ್ಲು. ನಾ ಅಮ್ಮನ ಸೆರಗು ಹಿಡಕೊಂಡು ಹಿಂದ ಇದ್ದೆ.”

ಕರೀಮಾಬಿ ಜಗಳ ಮರೆತು ಆ ಕಲ್ಲನ್ನೇ ನೋಡಿದಳು. ಅಬ್ಬಾ ಹೋಗಿ ಎಷ್ಟು ವರ್ಷವಾಯಿತು! ಆಕೆಯ ಕಣ್ಣು ತುಂಬಿ ಬಂದವು. ನಿಶಾತ್ ಮಾತ್ರ ಅಂಕಿ ಬರೆದುಕೊಂಡು, “ನೀವು ಎರಡು ವರ್ಷ ದೊಡ್ಡೋರು. ಹಂಗಾರ ಖಾಲಾ, ನಿಮಗ ಅರವತ್ತೇಳು...” ಎನ್ನುತ್ತಿದ್ದಂತೆ ಸರ್ದಾರಬಿ, “ಅಯ್ಯ, ಇಲ್ಲಿ ನೆಟ್‌ವರ್ಕ್ ಇಲ್ಲ ನೋಡ್ರಿ,” ಎಂದು ಫೋನ್ ಇಟ್ಟಳು.

ಇನ್ನು ತಾರೀಖು. ದೀಪಿಕಾ ಈ ವರ್ಷದ ಕ್ಯಾಲೆಂಡರಿನಲ್ಲಿ ಮೊಹರಮ್ ಹುಡುಕಹೋದಳು. “ಹಂಗಲ್ಲ ಬೇ, ನಮ್ಮ ಹಬ್ಬ ವರ್ಷಾ ಹತ್ತು ಹನ್ನೊಂದು ದಿನ ಹಿಂದ ಸರೀತಾವ,” ಎಂದು ನಿಶಾತ್ ತಡೆದಳು. ಟೀಚರ್ ಮೊಬೈಲಿನಲ್ಲಿ ಆ ವರ್ಷದ ಮೊಹರಮ್ ತೆಗೆದುಕೊಟ್ಟರು. ಒಂಬತ್ತನೇ ದಿನ ಜುಲೈ ಹದಿನಾರಕ್ಕೆ ಬಂತು. ಹುಡುಗಿಯರು ಕುಣಿದರು. ಟೀಚರೂ ಚಪ್ಪಾಳೆ ತಟ್ಟಿದರು. ಲೆಕ್ಕ ಬಿಡಿಸಿದ ಸಂಭ್ರಮದಲ್ಲಿ ಅವರಿಗೆ ಮಂಡಳಿಯ ನಿಯಮ ನೆನಪಾಗಲೇ ಇಲ್ಲ.

ಮರುದಿನ ಕರೀಮಾಬಿ ಸೆರಗಿನಲ್ಲಿ ಶೇಂಗಾ ಚಿಕ್ಕಿ ಕಟ್ಟಿಕೊಂಡು ಬಂದಳು. ಅರವತ್ತೈದು ವರ್ಷದ ಹೆಂಗಸು ಒಂಬತ್ತು ವರ್ಷದ ಹುಡುಗಿಯರಿಗೆ ಲಂಚ ಕೊಡುವ ಕಾಲ ಬಂತಲ್ಲ ಎಂದು ತನ್ನನ್ನೇ ಬೈದುಕೊಂಡಳು.

“ಮುದಿಕಿ ಮಾತು ಯಾಕ ಕೇಳ್ತೀರಿ ಬೇ? 1966 ಅಂತ ಬರೀರಿ. ಜೂನ್ ಒಂದು. ದುಂಡಗೈತಿ, ಚಂದ ಕಾಣತೈತಿ.”

ದೀಪಿಕಾ ಚಿಕ್ಕಿ ಬಾಯಿಗೆ ಹಾಕಿಕೊಂಡು ರಬ್ಬರ್ ತೆಗೆದಳು. ಬೇಕಾದರೆ ಸಂಜೆಯ ಗಂಟೆಯನ್ನೂ ಹೊಡೆಯಲು ಕೊಡುತ್ತೇನೆ ಎಂದ ಮೇಲಂತೂ ಎರಡು ಸಲ ಅಳಿಸಿದಳು. ನಿಶಾತ್ ಚಿಕ್ಕಿ ಮುಟ್ಟಲಿಲ್ಲ.

“ಹಂಗ ಬರದ್ರ ಲೆಕ್ಕ ತಪ್ಪಾಕೈತ್ರಿ ಆಯಮ್ಮ.”

“ಆದ್ರ ಆಗಲಿ.”

“ನಾ ಅಳತಾ ಕೂತಾಗ ನೀವು ಬಿಡಲಿಲ್ಲಲ್ರಿ? ಖರೇ ಉತ್ತರ ಬರೋತನ ಏಳಂಗಿಲ್ಲ ಅಂತಿದ್ರಿ.”

‘ಅದನ್ನ ಬರದ್ರ ನನ್ನ ಕೆಲಸ ಹೋಗತೈತಿ’ ಎಂದು ಕರೀಮಾಬಿ ಒಂದು ಮಾತು ಅಂದಿದ್ದರೆ ಹುಡುಗಿ ಆಗಲೇ ಅಳಿಸಿಬಿಡುತ್ತಿದ್ದಳು. ಆ ಮಾತು ಗಂಟಲ ತನಕ ಬಂತು. ತನ್ನ ಸುಳ್ಳನ್ನು ಈ ಕೂಸಿನ ತಲೆಯ ಮೇಲೆ ಹೊರಿಸುವುದೇ? ಕರೀಮಾಬಿ ಉಳಿದ ಚಿಕ್ಕಿಯನ್ನು ತಾನೇ ತಿಂದು, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಲು ಹೋದಳು.

ಜುಲೈ ಕೊನೆಯ ಶನಿವಾರ ಬಂತು. ಹನ್ನೆರಡು ಮಕ್ಕಳು ಬಣ್ಣದ ಬಟ್ಟೆಯಲ್ಲಿ ಸ್ಟೇಜ್ ಮೇಲೆ ನಿಂತಿದ್ದರು. ಕರೀಮಾಬಿ ಪಕ್ಕದ ಟೇಬಲ್ಲಿನಲ್ಲಿ ಕೇಕು ಇಟ್ಟುಕೊಂಡು, ಕೈಯಲ್ಲಿ ಚಾಕು ಹಿಡಿದು ಕಾಯುತ್ತಿದ್ದಳು. ಸಿಸ್ಟರ್ ನಾಲ್ಕನೇ ತರಗತಿಯವರನ್ನು ಒಬ್ಬೊಬ್ಬರಾಗಿ ಕರೆದು ಓದಿಸಿದರು. ಅವರವರ ಅಜ್ಜ ಅಜ್ಜಿಯರಿಗೆ ಪುರಾವೆ ಕೇಳುವವರು ಯಾರು? ಎಲ್ಲರಿಗೂ ಎಂಟು, ಒಂಬತ್ತು ಅಂಕ ಬಂದವು. ಕರೀಮಾಬಿಯದು ಬಂದಾಗ ಮಾತ್ರ ಸಿಸ್ಟರ್ ಖುಷಿಯಿಂದ ರಜಿಸ್ಟರ್ ತೆರೆದರು. ತಾರೀಖು ಹೇಗಿದ್ದರೂ ವರ್ಷವನ್ನು ತಾಳೆ ನೋಡಲು ಅವರ ಕೈಯಲ್ಲಿದ್ದ ಒಂದೇ ದಾಖಲೆ ಅದು.

ದೀಪಿಕಾ ಗಟ್ಟಿಯಾಗಿ ಓದಿದಳು. “ನಮ್ಮ ಆಯಮ್ಮ ಹುಟ್ಟಿದ್ದು ಜೂನ್ ಒಂದು, ಸಾವಿರದ ಒಂಬೈನೂರ ಅರವತ್ತಾರು. ವಯಸ್ಸು ಐವತ್ತೆಂಟು.”

“ಅಬ್ಬ! ಇವರೊಬ್ಬರದಾದರೂ ರಜಿಸ್ಟರಿಗೆ ಸರಿ ಹೊಂದಿತಲ್ಲ,” ಎಂದು ಸಿಸ್ಟರ್ ಹತ್ತಕ್ಕೆ ಹತ್ತು ಹಾಕಿದರು.

ಆಮೇಲೆ ನಿಶಾತ್. ಬಾಗಿಲ ಕಲ್ಲು, ಮೊಹರಮ್ಮು, ಸೂಲಗಿತ್ತಿ, ಎಲ್ಲವನ್ನೂ ಓದಿ, “ಹುಟ್ಟಿದ್ದು ಜುಲೈ ಹದಿನಾರು, ಸಾವಿರದ ಒಂಬೈನೂರ ಐವತ್ತೊಂಬತ್ತು. ವಯಸ್ಸು ಅರವತ್ತೈದು,” ಎಂದಳು.

ಸಿಸ್ಟರ್ ಕನ್ನಡಕ ಸರಿಮಾಡಿಕೊಂಡು ರಜಿಸ್ಟರ್ ನೋಡಿದರು, ನೋಟುಬುಕ್ಕು ನೋಡಿದರು. “ಕಥೆ ಚಂದ ಉಂಟು ಮಗು. ಆದರೆ ಉತ್ತರ ತಪ್ಪು. ಏಳು ವರ್ಷದ ವ್ಯತ್ಯಾಸ ಬರ್ತದೆ. ಕಳೆಯುವಾಗ ಎಲ್ಲಿಯೋ ತಪ್ಪಿದ್ದೀ,” ಎಂದು ನಾಲ್ಕು ಅಂಕ ಹಾಕಿದರು. ಮಂಡಳಿಯ ನಿಯಮ ಈಗ ನೆನಪಾದ ಸುಕನ್ಯಾ ಟೀಚರ್ ನೆಲ ನೋಡಿದರು.

“ಮೂರು ಸಲ ಮಾಡೀನ್ರಿ ಸಿಸ್ಟರ್,” ಎಂದಳು ನಿಶಾತ್. “ಇನ್ನೊಮ್ಮೆ ಮಾಡಿ ನೋಡು,” ಎಂದರು ಸಿಸ್ಟರ್ ಮೆತ್ತಗೆ. ಹುಡುಗಿ ಅಲ್ಲೇ ನಿಂತು ಬೆರಳು ಮಡಚತೊಡಗಿದಳು. ಎರಡು ವರ್ಷದ ಹಿಂದೆ ಜಗಲಿಯಲ್ಲಿ ಅಳುತ್ತ ಕೂರುತ್ತಿದ್ದ ಮುಖವೇ ಮತ್ತೆ ಬಂದುಬಿಟ್ಟಿತು. ‘ನನಗೆ ಕಳೆಯುವ ಲೆಕ್ಕ ಬರುವುದೇ ಇಲ್ಲ’ ಎಂದು ಆಕೆ ಈಗ ನಂಬುತ್ತಾಳೆ, ಇನ್ನು ಜನ್ಮದಲ್ಲಿ ಬಿಡುವುದಿಲ್ಲ ಎಂದು ಕರೀಮಾಬಿಗೆ ಅನ್ನಿಸಿತು. ಕೆಲಸ ಹೋದರೆ ಹಾಳಾಗಿ ಹೋಗಲಿ!

“ಸಿಸ್ಟರ್, ಆ ಹುಡುಗಿ ಲೆಕ್ಕ ಖರೇ ಐತ್ರಿ.”

ಎಲ್ಲರೂ ತಿರುಗಿ ನೋಡಿದರು. ಚಾಕು ಎತ್ತಿ ಹಿಡಿದ ಕರೀಮಾಬಿಯನ್ನು ಕಂಡು, ಕೇಕ್ ಕತ್ತರಿಸುವ ಹೊತ್ತಾಯಿತೆಂದು ತಿಳಿದು ಮುಂದಿನ ಸಾಲಿನ ಎಲ್‌ಕೆಜಿ ಮಕ್ಕಳು ‘ಹ್ಯಾಪಿ ಬರ್ತ್‌ಡೇ’ ಹಾಡು ಶುರು ಮಾಡಿಬಿಟ್ಟರು. ಅವರನ್ನು ಸುಮ್ಮನಾಗಿಸಲು ಟೀಚರಿಗೆ ಎರಡು ನಿಮಿಷ ಹಿಡಿಯಿತು. ಆ ಎರಡು ನಿಮಿಷದಲ್ಲಿ ಕರೀಮಾಬಿ ಮಾತು ವಾಪಸ್ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ.

“ಲೆಕ್ಕ ತಪ್ಪಿಲ್ರಿ. ರಜಿಸ್ಟರ್ ತಪ್ಪೈತಿ. ಅವತ್ತು ಏಳು ವರ್ಷ ಕಡಿಮಿ ಬರಸಿದಾಕಿ ನಾನ. ನನಗ ಅರವತ್ತೈದ್ರಿ. ಆಕಿಗೆ ಅಂಕ ಕೊಡ್ರಿ.”

ಸಿಸ್ಟರ್ ಸೆವ್ರಿನಾ ಪೆನ್ನು ತೆಗೆದು ನಾಲ್ಕನ್ನು ಹೊಡೆದು ಹತ್ತು ಬರೆದರು. ಮೈಕಿನಲ್ಲೇ, “ನಿಶಾತ್, ನನ್ನದು ತಪ್ಪಾಯಿತು,” ಎಂದರು. ನಂತರ ದೀಪಿಕಾಳ ಕಡೆ ತಿರುಗಿದರು. ಅವರು ಏನೂ ಕೇಳುವ ಮೊದಲೇ ದೀಪಿಕಾ, “ನನಗ ಚಿಕ್ಕಿ ಕೊಟ್ಟಿದ್ರು ಸಿಸ್ಟರ್!” ಎಂದು ಬಾಯಿಬಿಟ್ಟಳು. ಇಡೀ ಶಾಲೆ ಹೋ ಎಂದು ನಕ್ಕಿತು. ಜುಲೈ ತಿಂಗಳವರ ಸಾಲಿಗೆ ಕರೀಮಾಬಿಯನ್ನೂ ಹತ್ತಿಸಿ ಮಕ್ಕಳು ಹಾಡಿದರು. ಆಕೆ ಮಾತ್ರ ಕೇಕು ತುಂಡು ಮಾಡುತ್ತ, ಸೋಮವಾರದಿಂದ ಚಹಾದಂಗಡಿಯ ಮುಂದೆ ನನ್ನೇಸಾಬನ ಬಲಕ್ಕೆ ನಿಲ್ಲಬೇಕೋ ಎಡಕ್ಕೋ ಎಂದು ಯೋಚಿಸುತ್ತಿದ್ದಳು.

ಮಕ್ಕಳು ಮನೆಗೆ ಹೊರಟ ಮೇಲೆ ಸಿಸ್ಟರ್ ಆಫೀಸಿಗೆ ಕರೆದರು. ಮಂಡಳಿಯ ನಿಯಮಗಳ ಫೈಲು ಮೇಜಿನ ಮೇಲೆ ತೆರೆದಿತ್ತು.

“ಸುಳ್ಳು ಬರೆಸಿದ್ದು ತಪ್ಪು. ಗೊತ್ತುಂಟಲ್ಲ?”

“ಗೊತ್ತೈತ್ರಿ ಸಿಸ್ಟರ್.”

“ಅರವತ್ತು ತುಂಬಿದ ದಿನ ಬಿಡುಗಡೆ ಮಾಡಬೇಕು ಅಂತ ಇಲ್ಲಿ ಉಂಟು.” ಸಿಸ್ಟರ್ ಹಾಳೆಯ ಆ ಬದಿ ಈ ಬದಿ ತಿರುಗಿಸಿದರು. “ನಿಮ್ಮ ಆ ದಿನ ಹೋಗಿ ಐದು ವರ್ಷ ಆಯಿತು. ಹೋದ ದಿನದಲ್ಲಿ ಬಿಡುಗಡೆ ಮಾಡುವುದು ಹೇಗೆ ಅಂತ ಎಲ್ಲಿಯೂ ಬರೆದಿಲ್ಲ. ಮಂಡಳಿಗೆ ಕಾಗದ ಬರೆದು ಕೇಳಬೇಕು. ಉತ್ತರ ಬರುವ ತನಕ ನಾನು ಏನನ್ನೂ ಬದಲು ಮಾಡುವ ಹಾಗಿಲ್ಲ. ಅದೂ ನಿಯಮವೇ.”

“ಉತ್ತರ ಯಾವಾಗ ಬರತೈತ್ರಿ?”

ಸಿಸ್ಟರ್ ತಲೆ ಎತ್ತಿ ಛಾವಣಿಯ ಮೇಲಿನ ಒದ್ದೆ ಕಲೆಯನ್ನು ನೋಡಿದರು. “ಮಾಡು ಸೋರ್ತದೆ ಅಂತ ನನಗಿಂತ ಮೊದಲಿದ್ದ ಸಿಸ್ಟರ್ ಕಾಗದ ಬರೆದು ಎರಡು ವರ್ಷ ಆಯಿತು. ಇನ್ನೂ ಬರಲಿಲ್ಲ,” ಎಂದರು. ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. “ಮೊಬೈಲಿನಲ್ಲಿ ಕಳಿಸಿದರೆ ಇವತ್ತೇ ಮುಟ್ಟುತ್ತಿತ್ತು. ಆದರೆ ಸಹಿ ಇರುವ ಕಾಗದವೇ ಆಗಬೇಕಲ್ಲ.” ಬರೆದು, ಸಹಿ ಹಾಕಿ, ಕವರಿಗೆ ಅಂಟು ಹಚ್ಚಿ ಕರೀಮಾಬಿಯ ಕೈಗೇ ಕೊಟ್ಟರು. ಶಾಲೆಯ ಟಪಾಲು ಹಾಕುವುದೂ ಆಯಾಳ ಕೆಲಸವೇ.

ಕರೀಮಾಬಿ ಕವರು ಹಿಡಿದು ಗೇಟಿನಾಚೆಯ ಕೆಂಪು ಡಬ್ಬಿಯ ಮುಂದೆ ನಿಂತಳು. ಇದನ್ನು ಒಯ್ದು ಮನೆಯ ಗಾದಿಯ ಕೆಳಗಿಟ್ಟರೆ ಕೇಳುವವರಿಲ್ಲ. ಆದರೆ ಇಪ್ಪತ್ಮೂರು ವರ್ಷ ಒಂದು ಸುಳ್ಳನ್ನು ಹೊತ್ತು ಸಾಕಾಗಿತ್ತು, ಇನ್ನೊಂದಕ್ಕೆ ತಲೆಯಲ್ಲಿ ಜಾಗವಿರಲಿಲ್ಲ. ಅಲ್ಲೇ ವ್ಯಾನಿಗೆ ಕಾಯುತ್ತಿದ್ದ ನಿಶಾತ್ ಓಡಿಬಂದಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

“ಸುಕನ್ಯಾ ಟೀಚರ್ ಹೇಳಿದ್ರು. ನನ್ನ ಲೆಕ್ಕದಿಂದ ನೀವು ಹೊಂಟೀರೇನ್ರಿ?”

“ಹುಚ್ಚಿ! ಅಳಬ್ಯಾಡ. ಇನ್ನೊಂದು ಲೆಕ್ಕ ಐತಿ, ಮಾಡಿಕೊಡು,” ಎಂದು ಕರೀಮಾಬಿ ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತಳು. “ಈ ಕಾಗದ ಹೋಗಾಕ ನಾಕು ದಿನ. ಉತ್ತರ ಬರಾಕ ನಾಕು ದಿನ. ನಡುವ ಅವರು ಓದಾಕ ಎರಡು ವರ್ಷ.”

ನಿಶಾತ್ ಕಡ್ಡಿಯಿಂದ ಮಣ್ಣಿನಲ್ಲಿ ಬರೆದಳು. “ಎರಡು ವರ್ಷ ಎಂಟು ದಿನರೀ.”

“ಆ ಸುಳ್ಳು ರಜಿಸ್ಟರ್ ಪ್ರಕಾರ ನನಗ ಇನ್ನ ಎಷ್ಟು ದಿನ ಇತ್ತು?”

“ಒಂದು ವರ್ಷ ಹತ್ತು ತಿಂಗಳು.”

“ಕಳಿ.”

ಹುಡುಗಿ ಮೂಗು ಒರೆಸಿಕೊಂಡು ಬಗ್ಗಿದಳು. ವರ್ಷದಿಂದ ಹನ್ನೆರಡು ತಿಂಗಳು ಕಡ ತಂದಳು, ಕಳೆದಳು. ಆಮೇಲೆ ತಲೆ ಎತ್ತಿ ಬೆರಗಿನಿಂದ ನೋಡಿದಳು. “ಎರಡು ತಿಂಗಳು ಎಂಟು ದಿನ ಹೆಚ್ಚಿಗಿ ಬಂತ್ರಿ ಆಯಮ್ಮ! ಖರೇ ಹೇಳಿದ್ದಕ್ಕ!”

“ಇನ್ನೊಮ್ಮಿ ಮಾಡು,” ಎಂದಳು ಕರೀಮಾಬಿ. ನಿಶಾತ್ ಇನ್ನೊಮ್ಮೆ ಮಾಡಿದಳು. ಅಷ್ಟೇ ಬಂತು.

ಕರೀಮಾಬಿ ಕವರನ್ನು ಆಕೆಯ ಕೈಗೆ ಕೊಟ್ಟು, ಹುಡುಗಿಯನ್ನು ಎರಡೂ ಕೈಯಿಂದ ಎತ್ತಿ ಡಬ್ಬಿಯ ಬಾಯಿಗೆ ಹಿಡಿದಳು.

“ಸಾವಕಾಶ ಹಾಕು ಬೇ,” ಎಂದಳು. “ಅವಸರ ಏನಿಲ್ಲ.”